ಕರಡಿ ದಂಪತಿಗಳೂ ನಮ್ಮ ಬಾಡಿಗೆ ಮನೆಯೂ

ಕತೆ ಬರೆಯುವವರಿಗೆ ಪ್ರಾಣಿಗಳನ್ನು ಕಂಡರೆ ಮದುವೆ ಮಾಡಿಸಿಬಿಡುವ ಚಪಲ ಯಾಕೆ ಬರುತ್ತದೆಯೋ ದೇವರೇ ಬಲ್ಲ. ಒಂದು ಗುಬ್ಬಿ ಕತೆಯೊಳಗೆ ಕಾಲಿಟ್ಟರೆ ಸಾಕು, ಎರಡನೆಯ ಸಾಲಿನಲ್ಲಿ ಅದಕ್ಕೊಬ್ಬ ಹೆಂಡತಿ ಸಿದ್ಧ. ಗಂಡುಗುಬ್ಬಿ ಅಕ್ಕಿ ತರುತ್ತದೆ, ಹೆಣ್ಣುಗುಬ್ಬಿ ಒಲೆ ಊದುತ್ತದೆ. ಸಿಂಹಿಣಿ ಬೇಟೆಗೆ ಹೊರಟ ಗಂಡನಿಗೆ ‘ಬೇಗ ಬನ್ನಿ ಅಂದ್ರೆ’ ಎನ್ನುತ್ತಾಳೆ. ಇವುಗಳಿಗೆ ಓಲಗ ಊದಿದವರು ಯಾರು, ಧಾರೆ ಎರೆದವರು ಯಾರು ಎಂದು ಯಾವ ಓದುಗನೂ ಕೇಳುವುದಿಲ್ಲ. ನಮ್ಮ ಕಚೇರಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಒಬ್ಬರಿದ್ದರು. ಗಂಡುಕರಡಿ ಸಂಸಾರವನ್ನೇ ಮಾಡುವುದಿಲ್ಲ, ಹೆಣ್ಣಿನ ಹತ್ತಿರ ನಾಲ್ಕು ದಿನ ಇದ್ದು ಆಮೇಲೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ ಎಂದು ಅವರು ಹೇಳಿದಾಗ ನನಗೆ ಮುಖ ಸುಟ್ಟಹಾಗಾಯಿತು. ಏಕೆಂದರೆ ಅಷ್ಟುಹೊತ್ತಿಗೆ ನಾನು ಒಂದು ಜೊತೆ ಕರಡಿಗಳಿಗೆ ಮದುವೆ ಮಾಡಿಸಿ, ಇಪ್ಪತ್ತು ವರ್ಷ ಸಂಸಾರ ಮಾಡಿಸಿ, ಜಗಳವನ್ನೂ ಹಚ್ಚಿ, ಆ ಕತೆಯನ್ನು ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಅಂಚೆಯಲ್ಲಿ ಕಳಿಸಿಯಾಗಿತ್ತು.

ನಾನು ಜನ್ಮದಲ್ಲಿ ಕರಡಿಯನ್ನು ನೋಡಿದ್ದು ಒಂದೇ ಸಲ. ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಕರಡಿ ಆಡಿಸುವವನೊಬ್ಬ ಬಂದಿದ್ದ. ನನಗೆ ರಾತ್ರಿ ಹೆದರಿಕೆಯಾಗುತ್ತದೆಂದು ನಮ್ಮಮ್ಮ ಅವನಿಂದ ಕರಡಿ ಕೂದಲಿನ ತಾಯಿತ ಕಟ್ಟಿಸಿದ್ದರು. ಆ ತಾಯಿತ ಎಲ್ಲಿ ಬಿದ್ದುಹೋಯಿತೋ, ಹೆದರಿಕೆ ಮಾತ್ರ ನನ್ನನ್ನು ಬಿಟ್ಟುಹೋಗಲಿಲ್ಲ. ನಾನು ಹುಟ್ಟಾ ಪುಕ್ಕಲ. ಹಾಗಾಗಿಯೇ ಸ್ವಂತ ಹೆಸರಿನಲ್ಲಿ ಬರೆಯದೆ ‘ಕುಸುಮಾ’ ಎಂದು ಹೆಸರಿಟ್ಟುಕೊಂಡಿದ್ದೆ. ಸರ್ಕಾರಿ ಗುಮಾಸ್ತ ಕತೆ ಬರೆಯಬೇಕಾದರೆ ಮೇಲಿನವರ ಅನುಮತಿ ಬೇಕು, ಅದನ್ನು ಕೇಳುವ ಧೈರ್ಯ ನನಗಿಲ್ಲ. ನನ್ನ ಹೆಂಡತಿ ಸರೋಜಳಿಗೂ ಈ ವಿಷಯ ತಿಳಿಸಿರಲಿಲ್ಲ. ಮೀಸೆ ಹೊತ್ತ ಗಂಡಸು ಹೆಂಗಸಿನ ಹೆಸರಿನಲ್ಲಿ ಕರಡಿ ಕತೆ ಬರೆಯುವುದನ್ನು ಕಟ್ಟಿಕೊಂಡವಳ ಮುಂದೆ ಒಪ್ಪಿಕೊಳ್ಳುವುದು ಹೇಗೆ ಹೇಳಿ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾವು ಜಯನಗರದಲ್ಲಿ ಬಾಡಿಗೆಗಿದ್ದೆವು. ಬಡಾವಣೆ ಎಂಬ ಹೆಸರು ಬಂದಿತ್ತೇ ಹೊರತು ನಮ್ಮ ಬೀದಿಯಲ್ಲಿ ಏಳು ಮನೆ, ಮಿಕ್ಕದ್ದೆಲ್ಲ ಮೂಲೆಗೊಂದರಂತೆ ಕಲ್ಲು ನೆಟ್ಟ ಖಾಲಿ ಸೈಟು. ಅದಕ್ಕೆ ಮುಂಚೆ ಚಿಕ್ಕಪೇಟೆಯ ಕಡೆ ವಠಾರಗಳಲ್ಲಿದ್ದೆವು, ಎಂಟು ಸಂಸಾರಕ್ಕೆ ಒಂದು ನಲ್ಲಿ. ಒಂದಲ್ಲ, ಮೂರು ವಠಾರ ಬದಲಾಯಿಸಿದ್ದೆವು. ಮೂರನ್ನೂ ಬಿಡಿಸಿದ್ದು ನನ್ನ ನಾಲಿಗೆ. ಬರೆಯುವಾಗ ಪುಕ್ಕಲನಾದರೂ ಮಾತಿನಲ್ಲಿ ನನಗೆ ಹಿಡಿತವಿಲ್ಲ. ಒಂದು ಕಡೆ ಮನೆಯೊಡೆಯರು ದಿನಾ ಸಂಜೆ ಹಾರ್ಮೋನಿಯಂ ಅಭ್ಯಾಸ ಮಾಡುತ್ತಿದ್ದರು. ನಾನು ನಿಜವಾಗಿಯೂ ಗೊತ್ತಿಲ್ಲದೆ, ‘ಏನು ಸಾರ್, ಪೆಟ್ಟಿಗೆ ಇನ್ನೂ ರಿಪೇರಿ ಆಗ್ಲಿಲ್ವಾ?’ ಎಂದು ಕೇಳಿಬಿಟ್ಟೆ. ತಿಂಗಳ ಕೊನೆಗೆ ಪಾತ್ರೆ ಪಡಗ ಕಟ್ಟಿಕೊಂಡು ಹೊರಟೆವು. ಮಿಕ್ಕ ಎರಡರ ಕತೆ ಇನ್ನೂ ನಾಚಿಕೆಗೇಡು, ಅದು ಬೇಡ. ಜಯನಗರದ ಮನೆಗೆ ಬಂದ ದಿನ ಸರೋಜ ಹಿತ್ತಿಲಿನ ನಲ್ಲಿಯನ್ನು ತಿರುಗಿಸಿ, ಕೊಡ ಇಡದೆ ಸುಮ್ಮನೆ ಅಂಗೈಯೊಡ್ಡಿ ನಿಂತಿದ್ದಳು. ಆಮೇಲೆ ‘ಇನ್ನು ಇಲ್ಲಿಂದ ನನ್ನ ಎಬ್ಬಿಸ್ಬೇಡಿ’ ಎಂದಳು. ನಾನು ‘ಆಯ್ತು’ ಎಂದಿದ್ದೆ.

ಮನೆಯೊಡೆಯರು ನಂಜಪ್ಪನವರು. ಬಿಳೇಕಹಳ್ಳಿ ಕಡೆಯ ಹಳೇ ಒಕ್ಕಲು ಮನೆತನ. ನಮ್ಮ ಬೀದಿ ಇರುವುದೇ ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿದ್ದ ಜಾಗದಲ್ಲಿ. ಮುಂದಿನ ಭಾಗದಲ್ಲಿ ಅವರೂ ಅವರ ಹೆಂಡತಿ ಗೌರಮ್ಮನೂ ಇದ್ದರು, ಹಿಂದಿನ ಭಾಗದಲ್ಲಿ ನಾವು, ನಡುವೆ ಹಿತ್ತಿಲಿನಲ್ಲಿ ಕೆಂಪಿ ಎಂಬ ಹಸು. ಹೊಲವನ್ನು ಬಡಾವಣೆಗೆ ಬಿಟ್ಟುಕೊಡುವಾಗ ನಂಜಪ್ಪನವರು ಹೆಂಡತಿಯನ್ನು ಒಂದು ಮಾತು ಕೇಳದೆ ರುಜು ಹಾಕಿದ್ದರಂತೆ. ಆ ಹೊಲದ ಬದುವಿನಲ್ಲಿ ಗೌರಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಹಲಸಿನ ಮರವಿತ್ತು. ರಸ್ತೆ ಹಾಕುವವರು ಅದನ್ನು ಕಡಿದರು. ಅವತ್ತು ಬಿಟ್ಟ ಮಾತು ಬಿಟ್ಟದ್ದೇ. ಎಂಟು ವರ್ಷದಿಂದ ಗಂಡ ಹೆಂಡತಿ ಆಡಬೇಕಾದ್ದನ್ನೆಲ್ಲ ಹಸುವಿನ ಮುಂದೆ ಆಡುತ್ತಿದ್ದರು. ‘ಕೆಂಪಿ, ನಿಮ್ಮಪ್ಪಂಗೆ ಯೋಳು, ಮುದ್ದೆ ಆರೋಯ್ತದೆ’ ಎಂದು ಗೌರಮ್ಮ ಅಡುಗೆಮನೆ ಬಾಗಿಲಿನಿಂದ ಕೂಗಬೇಕು. ‘ಕೆಂಪಿ, ಬತ್ತೀನಿ ಅಂತ ನಿಮ್ಮವ್ವಂಗೆ ಯೋಳು’ ಎಂದು ಇವರು ಜಗಲಿಯಿಂದ ಉತ್ತರ ಕೊಡಬೇಕು. ಕೆಂಪಿ ಎರಡು ಕಡೆಗೂ ಕಿವಿ ಅಲ್ಲಾಡಿಸಿಕೊಂಡು ಮೆಲುಕು ಹಾಕುತ್ತಿತ್ತು. ಮೊದಮೊದಲು ನಾವಿಬ್ಬರೂ ಬಾಯಿಗೆ ಸೆರಗು, ಟವೆಲು ಅಡ್ಡ ಹಿಡಿದು ನಗುತ್ತಿದ್ದೆವು. ಆರು ತಿಂಗಳಿಗೆ ಅದು ಹಾಲಿನವನ ಕೂಗಿನಷ್ಟೇ ಮಾಮೂಲಾಯಿತು.

ನನ್ನ ಕತೆಯಲ್ಲಿ ಗಂಡುಕರಡಿ ಒಂದು ಜೇನುಮರವನ್ನು ಹೆಂಡತಿಯನ್ನು ಕೇಳದೆ ಮುಳ್ಳುಹಂದಿಗೆ ಬಿಟ್ಟುಕೊಡುತ್ತದೆ. ಹೆಣ್ಣುಕರಡಿ ಮಾತು ಬಿಡುತ್ತದೆ. ಆಮೇಲೆ ಇಬ್ಬರೂ ಒಂದು ಆಮೆಯ ಮುಖಾಂತರ ಮಾತಾಡುತ್ತಾರೆ. ನೀವು ನಂಬಬೇಕು, ಬರೆಯುವಾಗ ಇದೆಲ್ಲ ನನ್ನ ಸ್ವಂತ ಕಲ್ಪನೆಯೆಂದೇ ನಾನು ಬೀಗುತ್ತಿದ್ದೆ. ಲಕೋಟೆಯನ್ನು ಅಂಚೆಡಬ್ಬಿಗೆ ಹಾಕಿ, ಅದು ಒಳಗೆ ಬಿದ್ದ ಸದ್ದು ಕೇಳಿದ ಮೇಲೆ ಮನೆಗೆ ಬಂದರೆ ಹಿತ್ತಿಲಿನಲ್ಲಿ ಗೌರಮ್ಮ ‘ಕೆಂಪಿ, ನಿಮ್ಮಪ್ಪಂಗೆ ಯೋಳು’ ಎನ್ನುತ್ತಿದ್ದರು. ನಾನು ಬರೆದದ್ದು ಯಾರ ಕತೆಯೆಂದು ಆಗ ಹೊಳೆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಗೌರಮ್ಮನಿಗೆ ಓದು ಬರುತ್ತಿರಲಿಲ್ಲ. ವಾರವಾರವೂ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತ ಅವರಿಗೆ ಆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ನನ್ನ ಸರೋಜ. ಅವಳು ಓದುತ್ತಿದ್ದದ್ದು ಧಾರಾವಾಹಿಯನ್ನು, ಮಕ್ಕಳ ಪುಟವನ್ನಲ್ಲ. ಆ ಒಂದು ಎಳೆಯನ್ನು ಹಿಡಿದುಕೊಂಡು ನಾಲ್ಕು ದಿನ ಉಸಿರಾಡಿದೆ.

ಐದನೆಯ ದಿನ ತಡೆಯಲಾರದೆ ಸಂಪಾದಕರನ್ನು ಹುಡುಕಿಕೊಂಡು ಹೋದೆ. ಕತೆ ವಾಪಸು ಕೊಡಿ ಎಂದೆ. ಅಚ್ಚಿಗೆ ಹೋಗಿಯಾಯಿತು ಎಂದರು. ಹೋಗಲಿ, ಕರಡಿ ತೆಗೆದು ನರಿ ಅಂತ ಹಾಕಿ, ಆಮೆಯನ್ನಾದರೂ ಬಿಡಿ ಎಂದು ಅಂಗಲಾಚಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಚಿತ್ರದ ಬ್ಲಾಕ್ ಕೂಡ ಆಗಿದೆ ನೋಡಿ ಎಂದು ಅಚ್ಚಿನ ಹಾಳೆಯೊಂದನ್ನು ಮುಂದೆ ಚಾಚಿದರು. ಚಿತ್ರಕಾರ ನನ್ನನ್ನು ಕೇಳದೆ ಗಂಡುಕರಡಿಯ ತಲೆಗೆ ರುಮಾಲು ಸುತ್ತಿದ್ದ, ಹೆಣ್ಣುಕರಡಿಗೆ ಕಾಸಿನಗಲ ಕುಂಕುಮ ಇಟ್ಟಿದ್ದ. ನಂಜಪ್ಪನವರು ಸ್ನಾನಕ್ಕೆ ಬಿಟ್ಟು ಇನ್ನೆಂದೂ ರುಮಾಲು ತೆಗೆಯುವವರಲ್ಲ. ಗೌರಮ್ಮನ ಹಣೆಯ ವಿಷಯ ನಾನು ಹೇಳುವುದೇ ಬೇಡ. ಬಸ್ಸು ಹತ್ತಿ ಮನೆಗೆ ಹೊರಟೆ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡುಗಳನ್ನು ಕಿಟಕಿಯಿಂದ ನೋಡಿಕೊಂಡು ಬಂದೆ. ಒಂದು ಕಡೆಯೂ ನಲ್ಲಿ ಇರುವಂತೆ ಕಾಣಲಿಲ್ಲ.

ಪತ್ರಿಕೆ ಬರುವ ದಿನ ಬೆಳಿಗ್ಗೆ ಐದಕ್ಕೇ ಎದ್ದು ಗೇಟಿನ ಹತ್ತಿರ ಕಾದು, ಬಂದದ್ದನ್ನು ಅಂಗಿಯೊಳಗೆ ತುರುಕಿಕೊಂಡು ಕಚೇರಿಗೆ ಹೊತ್ತೊಯ್ದೆ. ಸರೋಜಳಿಗೆ ಈ ವಾರ ಬರಲಿಲ್ಲವಂತೆ ಎಂದು ಸುಳ್ಳು ಹೇಳಿದೆ. ಮಾರನೆಯ ದಿನ ಶನಿವಾರ, ಅರ್ಧ ದಿನದ ಕಚೇರಿ. ಎರಡು ಗಂಟೆಗೆ ಮನೆಗೆ ಬಂದರೆ ಗೌರಮ್ಮ ನಮ್ಮ ಬಾಗಿಲಲ್ಲೇ ಮೊರ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ಪತ್ರಿಕೆ. ಅದನ್ನು ಅಂಗಡಿಗೆ ಹೋದಾಗ ಅವರೇ ತಂದಿದ್ದರು. ರುಮಾಲು ಸುತ್ತಿದ ಕರಡಿಯ ಮೇಲೆ ಬೆರಳಿಟ್ಟು, ‘ಆ ಧಾರವಾಹಿ ಇರ್ಲಿ ಕಣವ್ವ, ಇದ್ಯಾವುದೋ ಕಳ್ಡಿ ಅದೆ ನೋಡು, ಇದ್ನ ಓದು’ ಎನ್ನುತ್ತಿದ್ದರು. ನಾನು ತಲೆನೋವೆಂದು ಒಳಗೆ ಹೋಗಿ ಬಾಗಿಲ ಹಿಂದೆ ಚಾಪೆಯ ಮೇಲೆ ಮುದುರಿಕೊಂಡೆ.

ಸರೋಜ ಓದಿದಳು. ಜೇನುಮರ ಹೋಯಿತು, ಮಾತು ನಿಂತಿತು, ಆಮೆ ಬಂತು. ಆಮೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಗೌರಮ್ಮ ‘ಹ್ಞೂಂ, ಹ್ಞೂಂ’ ಎನ್ನುತ್ತಿದ್ದರು. ಮೊರದ ಸದ್ದು ನಿಂತುಹೋಗಿತ್ತು. ಕೊನೆಯಲ್ಲಿ ಗಂಡುಕರಡಿ ಆಮೆಯನ್ನು ಆಚೆಗೆ ಸರಿಸಿ ಹೆಂಡತಿಯ ಎದುರಿಗೆ ಬಂದು ನಿಲ್ಲುತ್ತದೆ. ‘ನೀನು ಮಾತು ಬಿಟ್ಟ ಮೇಲೆ ಕಾಡಿನಲ್ಲಿ ಎಷ್ಟು ಹಕ್ಕಿ ಕೂಗಿದರೂ ನನಗೆ ಕೇಳಿಸುತ್ತಿಲ್ಲ. ನಿನಗೆ ಸಿಟ್ಟು ಬಂದದ್ದು ಮರಕ್ಕಲ್ಲ, ನಿನ್ನನ್ನು ಕೇಳಲಿಲ್ಲ ಎನ್ನುವುದಕ್ಕೆ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ನನ್ನದು’ ಎನ್ನುತ್ತದೆ. ಅಲ್ಲಿಗೆ ಬರುವಾಗ ಸರೋಜಳ ದನಿ ತಡವರಿಸಿತು. ಗೌರಮ್ಮ ಮೊರ ಎತ್ತಿಕೊಂಡು ಎದ್ದುಹೋದ ಕಾಲಿನ ಸದ್ದು ಕೇಳಿತು. ಆಯಿತು, ನಾಲ್ಕನೆಯ ಮನೆಯೂ ಹೋಯಿತು ಎಂದುಕೊಂಡೆ. ಚಾಪೆಯ ಮೇಲೆ ಮಲಗಿದ್ದಲ್ಲೇ ಯಾವ ಪಾತ್ರೆಯನ್ನು ಯಾವ ಡಬ್ಬಕ್ಕೆ ತುಂಬುವುದೆಂದು ಲೆಕ್ಕ ಹಾಕಿದೆ.

ಭಾನುವಾರ ಬೆಳಿಗ್ಗೆ ನಂಜಪ್ಪನವರು ಜಗಲಿಯಿಂದ ಕರೆದರು. ಸ್ವಲ್ಪ ಮಾತಾಡಬೇಕು ಬನ್ನಿ ಎಂದರು. ಮನೆ ಬಿಡಿ ಎನ್ನುವವರೆಲ್ಲ ಹೀಗೆಯೇ ಶುರುಮಾಡುವುದು, ಆ ಅನುಭವ ನನಗೆ ಸಾಕಷ್ಟಿದೆ. ಹೋಗಿ ತುದಿಯಲ್ಲಿ ಕೂತೆ. ನೆನ್ನೆ ಸಂಜೆ ತಮ್ಮ ಮನೆಯಾಕೆ ಹಾಲು ಕರೆಯುತ್ತಾ ಕೆಂಪಿಗೆ ಒಂದು ಕರಡಿ ಕತೆ ಹೇಳಿದರೆಂದೂ, ತಮಗೂ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದರೆಂದೂ, ರಾತ್ರಿಯೆಲ್ಲ ಅದೇ ತಲೆಯಲ್ಲಿ ಕೊರೆಯಿತೆಂದೂ ಹೇಳಿದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ನನ್ನ ಕಡೆಗೆ ಬಗ್ಗಿದರು.

‘ಅಲ್ಲ ಸ್ವಾಮಿ, ನೀವು ಓದ್ದೋರು, ನೀವೇ ಯೋಳಿ. ಗಂಡ ಯೆಂಡ್ರು ಅಂದ್ಮೇಲೆ ಎದುರಾಎದುರು ಮಾತಾಡ್ಬೇಕು. ಆಮೆ ಕೈಲಿ ಯೋಳಿ ಕಳಿಸ್ತಾರಾ ಯಾರಾದ್ರೂವೆ? ಮಾನ ಮರ್ವಾದೆ ಇಲ್ದ ಕಳ್ಡಿಗಳು.’

ಕಾಡುಪ್ರಾಣಿಗಳಲ್ಲವೇ, ಅವಕ್ಕೆ ತಿಳಿವಳಿಕೆ ಕಡಿಮೆ ಎಂದೆ. ಅದು ನಿಜ ಎಂದು ಅವರು ತಲೆದೂಗಿದರು. ಆಮೇಲೆ ಹಿತ್ತಿಲ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು, ‘ಕೆಂಪಿ, ಸ್ವಾಮಿಗೆ ಒಂದ್ಲೋಟ ಮಜ್ಜಿಗೆ ಕೊಡೋಕೆ ನಿಮ್ಮವ್ವಂಗೆ ಯೋಳು’ ಎಂದರು. ಮಜ್ಜಿಗೆ ಬಂತು. ತಂದ ಗೌರಮ್ಮನ ಮುಖದಲ್ಲೂ ಸಿಟ್ಟಿನ ಗುರುತೇನೂ ಇರಲಿಲ್ಲ. ನಾನು ಇಡೀ ಲೋಟವನ್ನು ಒಂದೇ ಗುಟುಕಿಗೆ ಕುಡಿದೆ. ಹತ್ತು ದಿನದಿಂದ ಹೊತ್ತ ಭಾರ ಇಳಿದು, ನೆಲದ ಮೇಲೆ ಕಾಲು ನಿಲ್ಲದಷ್ಟು ಹಗುರವಾಗಿ ಮನೆಯೊಳಗೆ ಬಂದೆ. ಮನೆ ಉಳಿಯಿತು, ನಲ್ಲಿ ಉಳಿಯಿತು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬುದ್ಧಿವಂತ. ಸರೋಜ ತರಕಾರಿ ಹೆಚ್ಚುತ್ತಾ ಆ ಕತೆಯ ಮಾತನ್ನೇ ತೆಗೆದಳು. ಕುಸುಮಾ ಎನ್ನುವಾಕೆ ಯಾರೋ, ಅವಳ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದಳು. ಗಂಡಸರಿಂದ ಹಾಗೆ ಬರೆಯಲು ಖಂಡಿತಾ ಆಗುವುದಿಲ್ಲ, ಹೆಂಗಸಿನ ಮನಸ್ಸು ಅವರಿಗೇನು ಗೊತ್ತು ಎಂದಳು. ಅಥವಾ ಆಕೆಯ ಗಂಡ ಹಾಗೆಲ್ಲ ಮಾತಾಡುವ ಪುಣ್ಯಾತ್ಮನಿರಬೇಕು ಎಂದೂ ಸೇರಿಸಿದಳು. ಹೊಗಳಿಕೆ ಎಂಥ ಪುಕ್ಕಲನನ್ನೂ ಗಂಡೆದೆಯವನನ್ನಾಗಿ ಮಾಡುತ್ತದೆ. ನಾನು ಮೀಸೆಯ ಮೇಲೆ ಕೈಯಾಡಿಸಿ, ‘ಆ ಕುಸುಮಾ ನಾನೇ’ ಎಂದೆ.

ಅವಳು ನಕ್ಕಳು. ನಾನು ನಗದೆ ಪೆಟ್ಟಿಗೆಯಿಂದ ಕತೆಯ ಕರಡು ತೆಗೆದು ಮುಂದಿಟ್ಟೆ. ಅವಳು ಒರಸಿಕೊಂಡ ಕೈಯಲ್ಲಿ ಅದನ್ನು ಹಿಡಿದು ಕೊನೆಯ ಹಾಳೆಯನ್ನೇ ನೋಡಿದಳು. ಕರಡಿಯ ಮಾತಿದ್ದ ಹಾಳೆ ಅದು, ನನ್ನದೇ ಕೋಳಿಕಾಲು ಅಕ್ಷರ. ನಾನು ಹೊಗಳಿಕೆಗೆ ಕಾಯುತ್ತಾ ನಿಂತೇ ಇದ್ದೆ.

‘ಇಷ್ಟೆಲ್ಲ ಮಾತು ನಿಮ್ಗೆ ಬರುತ್ತೆ,’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ‘ಮೂರು ಮನೆ ಬಿಡಿಸಿದ್ರಿ. ಮೂರು ಸಲನೂ ಗಂಟುಮೂಟೆ ಕಟ್ಟಿದ್ದು ನಾನು. ತಪ್ಪು ನಂದು ಅಂತ ಒಂದ್ಸಲ ನನ್ ಹತ್ರ ಅಂದಿದ್ದೀರಾ? ಕರಡಿಗೆ ಒಂದೇ ಒಂದು ಮರ ಹೋಗಿದ್ದಕ್ಕೆ ಎಷ್ಟು ಚೆನ್ನಾಗಿ ಹೇಳಿದ್ದೀರ.’

ಕರಡನ್ನು ಮಡಿಸಿ ನನ್ನ ಕೈಗೆ ಕೊಟ್ಟು ಮತ್ತೆ ಈಳಿಗೆಮಣೆಯ ಮುಂದೆ ಕೂತಳು. ನನಗೆ ನಾಚಿಕೆಯಾಯಿತು, ಸಂಕಟವಾಯಿತು. ಮದುವೆಯಾದ ಒಂಬತ್ತು ವರ್ಷದಲ್ಲಿ ನಾನು ಅವಳೊಡನೆ ಆಡಿದ ಮಾತುಗಳನ್ನು ನೆನೆಸಿಕೊಳ್ಳಲು ನೋಡಿದೆ. ‘ಬಸ್ಸು ಹೋಯ್ತು’, ‘ಛತ್ರಿ ಎಲ್ಲಿ’, ‘ಇವತ್ತು ತಡವಾಗತ್ತೆ’. ಅಷ್ಟು ದಿನ ಹೆದರಿದ್ದು ಮುಂದಿನ ಮನೆಯ ದಂಪತಿಗಳಿಗೆ. ಒಲೆಯ ಮುಂದಿದ್ದವಳಿಗೆ ಹೆದರಬೇಕಿತ್ತು ಎನ್ನುವುದು ಹೊಳೆದೇ ಇರಲಿಲ್ಲ. ಊಟಕ್ಕೆ ಕೂತಾಗ ಹೇಳಿಯೇ ತೀರುವುದೆಂದು ನಿಶ್ಚಯಿಸಿದೆ. ಕರಡಿಗೆ ಅರ್ಧ ಗಂಟೆಯಲ್ಲಿ ಬರೆದುಕೊಟ್ಟದ್ದು, ಎರಡೇ ಪದ, ಅದೇನು ಮಹಾ. ಮನಸ್ಸಿನೊಳಗೆ ನಾಲ್ಕು ಸಲ ಹೇಳಿ ನೋಡಿಕೊಂಡೆ. ಅನ್ನ ಕಲಸಿದೆ, ತಲೆ ಎತ್ತಿದೆ, ಅವಳ ಮುಖ ನೋಡಿದೆ. ಅವಳೂ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು.

‘ಸಾರು ಚೆನ್ನಾಗಿದೆ,’ ಎಂದೆ.

‘ಅದು ಹುಳಿ ಕಣ್ರೀ,’ ಎಂದು ಸರೋಜ ಇನ್ನೊಂದು ಸೌಟು ಬಡಿಸಿದಳು.