ಎದುರು ಪಾಳಯದ ಟ್ಯಾಬ್ಲೆಟ್ಟು

ಮೂವರು ಮ್ಯಾನೇಜರುಗಳಿಗೆ ನೀರು ಕುಡಿಸಿದ ಮನುಷ್ಯನಿಗೆ ಒಂದು ಗಾಜಿನ ಹಲಗೆ ಯಾವ ಲೆಕ್ಕ! ಹಾಗಂತ ಕಾರ್ಯದರ್ಶಿ ಊಟದ ಮೇಜಿನ ಮುಂದೆ ನಿಂತು ಘೋಷಿಸಿದ. ಕೇಳಲು ಇದ್ದವಳು ಹೆಂಡತಿ ಒಬ್ಬಳೇ. ಆದರೂ ಸಾವಿರ ಜನರ ಸಭೆಗೆ ಸಾಲುವಷ್ಟು ದನಿ ತೆಗೆದ. ಕೆಲವರ ಗಂಟಲಿಗೆ ಸಣ್ಣ ಸೈಜು ಸಿಗುವುದಿಲ್ಲ.

ಅವನು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ಕಾರ್ಮಿಕ ಸಂಘದ ಕಾರ್ಯದರ್ಶಿ. ಮರುದಿನ ಬೆಳಿಗ್ಗೆ ಮ್ಯಾನೇಜರ್ ಜೊತೆ ಮಾತುಕತೆ. ಬೇಡಿಕೆ ಒಂದೇ: ಇಸ್ತ್ರಿ ಕೋಣೆಯಲ್ಲಿ ಬೇಯುವ ಹೆಂಗಸರಿಗೆ ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಬಿಡುವು. ಆ ಕೋಣೆಯ ಉಷ್ಣಮಾಪಕ ನಲವತ್ಮೂರು ತೋರಿಸುತ್ತಿತ್ತು. ಒಂದೇ ತಿಂಗಳಲ್ಲಿ ಇಬ್ಬರು ತಲೆಸುತ್ತಿ ಬಿದ್ದಿದ್ದರು. ಮ್ಯಾನೇಜರ್ ಮಾತ್ರ, "ಕಾಗದ ಬೇಡ, ಸಾಕ್ಷಿ ಏನಿದ್ರೂ ಗೋಡೆ ಪರದೆ ಮೇಲೆ ತೋರಿಸಿ" ಎಂದಿದ್ದ. ಕಾಗದವಾದರೆ ಓದಬೇಕಾಗುತ್ತದಲ್ಲ!

ಕಾರ್ಯದರ್ಶಿಯ ಫೋನಿನ ಗಾಜು ಕಳೆದ ಮುಷ್ಕರದಲ್ಲೇ ಜೇಡರ ಬಲೆಯಾಗಿತ್ತು. ಉಳಿದದ್ದು ಹೆಂಡತಿಯ ಟ್ಯಾಬ್ಲೆಟ್. ಆಕೆ ಸೋಫಾ ಹೊದಿಕೆ ಹೊಲಿಯುವವಳು. ಅಳತೆ, ನಮೂನೆ, ಗಿರಾಕಿಗಳ ಗೊಣಗಾಟ ಎಲ್ಲವೂ ಅದರಲ್ಲೇ. ತೊಡಕೆಂದರೆ, ಅದರೊಳಗೆ ಓಡುವುದು ಎದುರು ಪಾಳಯದ ಆಪರೇಟಿಂಗ್ ಸಿಸ್ಟಂ! ಹನ್ನೊಂದು ವರ್ಷದಿಂದ ಒಂದೇ ಸಿಸ್ಟಂಗೆ ಗಂಟುಬಿದ್ದಿದ್ದ ಕಾರ್ಯದರ್ಶಿ, "ಅದು ಮಾಲೀಕರ ಆಟಿಕೆ ಕಣ್ರಯ್ಯಾ, ದುಡಿಯೋ ಕೈಗೆ ಒಗ್ಗಲ್ಲ" ಎಂದು ಕ್ಯಾಂಟೀನಿನಲ್ಲಿ ಎಷ್ಟು ಭಾಷಣ ಬಿಗಿದಿದ್ದನೋ. ಈ ಕಂಪನಿಯ ಮಾಲೀಕನೂ ಮಾಲೀಕನೇ, ಆ ಕಂಪನಿಯವನೂ ಮಾಲೀಕನೇ ಎಂಬ ಸಣ್ಣ ವಿಷಯ ಅವನ ದೊಡ್ಡ ಸಿದ್ಧಾಂತಕ್ಕೆ ತಾಗಿರಲಿಲ್ಲ.

"ಆ ಮಾಪಕದ ಫೋಟೊ ಎಲ್ಲಾ ಇದಕ್ಕೆ ಹಾಕಿದೀನಿ. ಹೇಗೆ ನಡೆಸೋದು ಅಂತ ಕಲಿಸಿಕೊಡ್ಲಾ?" ಎಂದಳು ಹೆಂಡತಿ.

"ನನಗಾ? ಪೊಲೀಸರ ಲಾಠಿಗೇ ಹೆದರದವನು ನಾನು!"

"ಲಾಠಿಗೆ ಪಾಸ್‌ವರ್ಡ್ ಇರಲ್ಲ ರೀ."

"ಕೊಡೇ ಇಲ್ಲಿ!"

"ತಗೊಳ್ಳಿ. ನನ್ನ ಪಟ್ಟಿಗಳನ್ನ ಮಾತ್ರ ಮುಟ್ಟಬೇಡಿ."

"ನಿನ್ನ ಸೋಫಾ ಪಟ್ಟಿ ಹಿಡ್ಕೊಂಡು ನಾನೇನು ಕ್ರಾಂತಿ ಮಾಡ್ಲಾ?"

ಮೊದಲ ಫೋಟೊ ಚೆನ್ನಾಗಿಯೇ ತೆರೆಯಿತು. ಮುಚ್ಚುವುದು ಹೇಗೆ? ಅವನ ಫೋನಿನಲ್ಲಿ ಕೆಳಗೆ ಒಂದು ಬಾಣದ ಗುರುತಿತ್ತು, ಒತ್ತಿದರೆ ಹಿಂದಕ್ಕೆ ಹೋಗುತ್ತಿತ್ತು. ಇಲ್ಲಿ ಆ ಜಾಗ ಬೋಳು. ಮೂವತ್ತು ವರ್ಷ ಒಂದು ಹೆಜ್ಜೆ ಹಿಂದಿಡದ ವೀರ, ಹಿಂದೆ ಹೋಗುವ ಗುಂಡಿಗಾಗಿ ಮುಕ್ಕಾಲು ಗಂಟೆ ತಡಕಾಡಿದ. ಮೇಲಕ್ಕೆ ಎಳೆದ, ಫೋಟೊ ಮಾಯ! ಪಕ್ಕಕ್ಕೆ ಎಳೆದ, ಪರದೆ ಎರಡು ಹೋಳು! ಸಿಟ್ಟಿನಿಂದ ಗುದ್ದಿದ, ಕ್ಯಾಮೆರಾ ತೆರೆದು ಅವನದೇ ಮೂಗಿನ ಹೊಳ್ಳೆಗಳು ಎರಡು ಸುರಂಗಗಳಂತೆ ದರ್ಶನ ಕೊಟ್ಟವು.

"ಏನ್ರೀ, ಪಾಪ ಅದರ ಗದ್ದ ಯಾಕೆ ಕೆರೀತಿದೀರಾ?"

"ಅಭ್ಯಾಸ ಮಾಡ್ತಿದೀನಿ!"

ಮರುದಿನ ಮಾತುಕತೆಗೆ ಕಾರ್ಯದರ್ಶಿಯ ಜೊತೆ ಬಂದವಳು ಇಸ್ತ್ರಿ ಅಕ್ಕ. ಹತ್ತೊಂಬತ್ತು ವರ್ಷ ಆ ಕೋಣೆಯಲ್ಲಿ ಬೆಂದವಳು, ಅಗತ್ಯವಿಲ್ಲದೆ ಬಾಯಿ ಬಿಡದವಳು. ಮ್ಯಾನೇಜರ್ ತಾನೇ ಎದ್ದು ಟ್ಯಾಬ್ಲೆಟ್ಟನ್ನು ಗೋಡೆ ಪರದೆಗೆ ಜೋಡಿಸಿಕೊಟ್ಟ. ನಲವತ್ಮೂರು ಡಿಗ್ರಿಯ ಫೋಟೊ ಗೋಡೆಯಗಲ ಮೂಡಿತು. ಎ.ಸಿ.ಯ ಕೆಳಗೆ ಕೂತವನು ಕಾಲರ್ ಸಡಿಲಿಸಿ, "ಆ ಮಾಪಕ ಕೆಟ್ಟಿರಬೇಕು" ಎಂದ.

ಅಷ್ಟರಲ್ಲಿ ಟಿಂಗ್! ಪರದೆಯ ನೆತ್ತಿಯ ಮೇಲೆ ಹೆಂಡತಿ ಬರೆದಿಟ್ಟಿದ್ದ ಒಂದು ನೆನಪಿನ ಚೀಟಿ ಇಳಿಯಿತು.

"ಅವರ ವಿಷಯ: ಬಚ್ಚಲ ನಲ್ಲಿ ಸೋರಿ ಮೂರು ತಿಂಗಳಾಯಿತು. ಸಂಜೆ ಮಾತೆತ್ತುವುದು."

ಕಾರ್ಯದರ್ಶಿ ಗಾಬರಿಯಿಂದ ಅದನ್ನು ಪಕ್ಕಕ್ಕೆ ತಳ್ಳಿದ. ಅವನ ಫೋನಿನಲ್ಲಾದರೆ ಪಕ್ಕಕ್ಕೆ ತಳ್ಳಿದ ಚೀಟಿ ತೊಲಗುತ್ತದೆ. ಎದುರು ಪಾಳಯದಲ್ಲಿ, ಪಕ್ಕಕ್ಕೆ ತಳ್ಳಿದರೆ ಇಡೀ ಪಟ್ಟಿಯೇ ತೆರೆದುಕೊಳ್ಳುತ್ತದೆ! ಮುಂದಿನ ಸಾಲು ಅಂಗೈಯಷ್ಟು ದಪ್ಪ ಅಕ್ಷರಗಳಲ್ಲಿ ಗೋಡೆ ಏರಿತು:

"ಗುಡುಗಿದರೆ ಎರಡು ನಿಮಿಷ ಸುಮ್ಮನಿರುವುದು. ನಡುವೆ ಗಡಿಯಾರ ನೋಡುವುದು. ತಾವಾಗಿಯೇ ಇಳಿಯುತ್ತಾರೆ. ಮೂರು ಕೇಳಿದರೆ ಒಂದು ಕೊಟ್ಟರೆ ಸಾಕು, ಗೆದ್ದೆ ಅಂದುಕೊಳ್ಳುತ್ತಾರೆ."

ಕಾರ್ಯದರ್ಶಿ ಟ್ಯಾಬ್ಲೆಟ್ಟಿನ ಗದ್ದ ಕೆರೆದ. ಕೆನ್ನೆ ಕೆರೆದ. ಕೊನೆಗೆ ಮೇಜಿನ ಮೇಲೆ ಬೋರಲು ಹಾಕಿದ. ಗೋಡೆ ಬೋರಲಾಗಲಿಲ್ಲ. ಮ್ಯಾನೇಜರ್ ಕನ್ನಡಕ ಏರಿಸಿ ಎರಡು ಸಲ ಓದಿಕೊಂಡ. ಮೂವತ್ತು ವರ್ಷ ಸಂಘದ ಒಳಗುಟ್ಟು ತಿಳಿಯಲು ಆಡಳಿತ ವರ್ಗ ಎಷ್ಟು ಚಾಡಿಕೋರರನ್ನು ಸಾಕಿತ್ತೋ, ಈಗ ಎಲ್ಲವೂ ಪುಕ್ಕಟೆಯಾಗಿ ಗೋಡೆಯ ಮೇಲೆ!

"ಹೇಳಿ, ನಿಮ್ಮ ಬೇಡಿಕೆ?" ಎಂದ ಮ್ಯಾನೇಜರ್, ಬಲು ಮೃದುವಾಗಿ.

"ಹದಿನೈದು ನಿಮಿಷ! ಒಂದು ಸೆಕೆಂಡ್ ಕಡಿಮೆಯಾದ್ರೂ ಯಂತ್ರ ನಿಲ್ಲುತ್ತೆ!" ಕಾರ್ಯದರ್ಶಿ ಗುಡುಗಿದ.

ಮ್ಯಾನೇಜರ್ ಸುಮ್ಮನಾದ. ಗಡಿಯಾರ ನೋಡಿದ.

"ಹದಿನೈದು ಅಂದ್ರೆ... ಹನ್ನೆರಡಾದ್ರೂ ಬೇಕು."

ಮೌನ.

"ಕಡೇಪಕ್ಷ ಹತ್ತು."

ಮೌನ. ಗಡಿಯಾರ. ಕಾರ್ಯದರ್ಶಿಯ ಬಾಯಿ ಅವನ ಅಪ್ಪಣೆ ಕೇಳದೆ ಓಡುತ್ತಿತ್ತು. "ಎಂಟು ಅಂದ್ರೂ ನಾವೇನು ಕಲ್ಲು ಮನಸ್ಸಿನವರಲ್ಲ..."

ಮೇಜಿನ ಕೆಳಗೆ ಅವನ ಮೊಣಕಾಲಿಗೆ ಒಂದು ಒದೆ ಬಿತ್ತು.

"ಬಾಯಿ ಮುಚ್ಚಣ್ಣಾ," ಎಂದಳು ಇಸ್ತ್ರಿ ಅಕ್ಕ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಸಾರ್, ಸುಮ್ಮನೆ ಕೂರೋದೇ ಆದ್ರೆ ಇಲ್ಯಾಕೆ? ಇಸ್ತ್ರಿ ಕೋಣೇಲಿ ಕೂರೋಣ ಬನ್ನಿ. ಮಾಪಕ ಕೆಟ್ಟಿದೆ ಅಂದ್ರಲ್ಲ, ನೋಡಿದಂಗೂ ಆಗುತ್ತೆ. ಗಡಿಯಾರ ಅಲ್ಲೂ ಇದೆ."

ಬರುವುದಿಲ್ಲ ಎಂದರೆ ಮಾಪಕ ಸರಿಯಿದೆ ಎಂದು ಒಪ್ಪಿದಂತೆ. ಬಂದ. ಅಕ್ಕ ಬಾಗಿಲು ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ಹಾಸಿಗೆ ಬಟ್ಟೆಯ ಗಂಟಿನ ಮೇಲೆ ಕೂತಳು. ಇಸ್ತ್ರಿ ಯಂತ್ರದ ಉರುಳೆಗಳಿಂದ ಹಬೆ ಬುಸುಗುಡುತ್ತಿತ್ತು. ಯಾರೂ ಮಾತಾಡಲಿಲ್ಲ.

ಮೊದಲ ನಿಮಿಷಕ್ಕೆ ಟೈ ಸಡಿಲವಾಯಿತು. ಒಂದೂವರೆಗೆ ಕನ್ನಡಕ ಮಂಜಾಯಿತು.

"ಹತ್ತು ನಿಮಿಷ ಕೊಡೋಣ," ಎಂದ ಮ್ಯಾನೇಜರ್.

ಅಕ್ಕ ಸುಮ್ಮನಿದ್ದಳು.

"ಹನ್ನೆರಡು!"

ಅಕ್ಕ ಗಡಿಯಾರ ನೋಡಿದಳು.

"ಹದಿನೈದೇ ತಗೊಳಮ್ಮಾ! ಮೊದಲು ಬಾಗಿಲು ಬಿಡು!"

"ಬರೆದುಕೊಡಿ ಸಾರ್."

ಕಾಗದ ಬೇಡ ಎಂದಿದ್ದವನು ತಾನೇ ಕಾಗದ ಕೇಳಿ ತರಿಸಿಕೊಂಡು ಸಹಿ ಹಾಕಿದ. ಅದರ ಮೇಲೆ ಬೆವರಿನ ನಾಲ್ಕು ಹನಿ ಬಿದ್ದವು, ಮೊಹರಿನಂತೆ. ಹೆಂಗಸರು ಅಕ್ಕನಿಗೆ ಜೈಕಾರ ಹಾಕಿದರು. ಆಮೇಲೆ ಅಕ್ಕನಿಂದ ಗೋಡೆ ಪರದೆಯ ಕಥೆ ಕೇಳಿ ಯಾರೋ ಕೂಗಿದರು, "ಪಟ್ಟಿ ಬರೆದ ಅತ್ತಿಗೆಗೆ ಜೈ!" ಕಾರ್ಯದರ್ಶಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದ, ಊಟದ ತಟ್ಟೆ ಹಿಡಿದವನ ಹಾಗೆ.

ಸಂಜೆ ಮನೆಗೆ ಬಂದವನೇ ಗುಡುಗಿದ. "ಕಟ್ಟಿಕೊಂಡ ಗಂಡನ ಮೇಲೆ ಪಟ್ಟಿ ಮಾಡ್ತೀಯಾ? ನಾನೇನು ಸೋಫಾನಾ? ಮೂರು ಬೇಡಿಕೆ ಇಡ್ತೀನಿ ಕೇಳು! ಒಂದು, ಪಟ್ಟಿ ಅಳಿಸಬೇಕು! ಎರಡು, ಕ್ಷಮೆ ಕೇಳಬೇಕು! ಮೂರು, ಆ 'ಅವರ ವಿಷಯ' ಅನ್ನೋ ಹೆಸರೇ ಕಾಣಬಾರದು!"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಸುಮ್ಮನಿದ್ದಳು. ಗಡಿಯಾರ ನೋಡಿದಳು.

ಕಾರ್ಯದರ್ಶಿಗೆ ಥಟ್ಟನೆ ಹೊಳೆಯಿತು. ಈ ಸಲ ತಾನೂ ಅಕ್ಕನಂತೆ ಬಾಯಿ ಬಿಗಿದು ಕೂರಬೇಕು! ಕೂತ. ಹಲ್ಲು ಕಚ್ಚಿದ. ಬಚ್ಚಲಿನಿಂದ ನಲ್ಲಿಯ ಸದ್ದು ಕೇಳುತ್ತಿತ್ತು. ತೊಟ್. ತೊಟ್. ತೊಟ್.

"ಕ್ಷಮೆ ಬೇಡ ಬಿಡು, ನಾವೇನು ಹೊರಗಿನವರಾ..."

ತೊಟ್.

"ಪಟ್ಟಿ ಇದ್ರೆ ಇರಲಿ. ಹೆಸರಾದ್ರೂ ಬದಲಾಯಿಸು."

"ಆಗಲಿ," ಎಂದಳು ಆಕೆ. 'ಅವರ ವಿಷಯ' ಅಳಿಸಿ 'ಕಾರ್ಯದರ್ಶಿಗಳ ವಿಷಯ' ಎಂದು ಬರೆದು ತೋರಿಸಿದಳು.

"ಹಾಗೆ ಬಾ ದಾರಿಗೆ!" ಎಂದು ಎದೆಯುಬ್ಬಿಸಿ, "ಪಾನಾ ಎಲ್ಲಿದೆ? ಆ ನಲ್ಲೀದೊಂದು ಮುಗಿಸ್ತೀನಿ," ಎನ್ನುತ್ತ ಬಚ್ಚಲಿಗೆ ನಡೆದ.

ಆಕೆ ಪಟ್ಟಿಯಲ್ಲಿ ನಲ್ಲಿಯ ಸಾಲು ಅಳಿಸಿದಳು. ಅದರ ಕೆಳಗಿನ ಸಾಲಿನಲ್ಲಿ 'ಎರಡು ನಿಮಿಷ' ಎಂದಿದ್ದುದನ್ನು ತಿದ್ದಿ 'ನಲವತ್ತು ಸೆಕೆಂಡು' ಎಂದು ಮಾಡಿದಳು.