ವಿಲಿಯಮಿ ಬುಹಾಜಾರ್ ಯಾವ ಕಡೆಯವನು?

ಬಲಗೆನ್ನೆ ಬೋಳಿಸಿಕೊಂಡು ಎಡಗೆನ್ನೆಗೆ ಕತ್ತಿ ಇಡುವಷ್ಟರಲ್ಲಿ ವಿಲಿಯಮಿ ಬುಹಾಜಾರ್‌ಗೆ ಎರಡು ಫೋನು ಬಂದವು. ಮೊದಲನೆಯದು ಟೋಂಗಾ ದೇಶದ ತಂಡದ ಮ್ಯಾನೇಜರನದು, ಎರಡನೆಯದು ಮಾಲ್ಟಾ ತಂಡದವನದು. ಇಬ್ಬರೂ ಕೇಳಿದ್ದು ಒಂದೇ ಮಾತು: “ನಮ್ಮ ಕಡೆ ಆಡ್ತೀಯೇನಪ್ಪಾ?”

ವಿಲಿಯಮಿ ಇಬ್ಬರಿಗೂ “ಹ್ಞೂಂ, ಆಗ್ಲಿ” ಅಂದುಬಿಟ್ಟ. ಇಲ್ಲ ಅನ್ನುವ ಮಾತು ಅವನ ಬಾಯಿಗೆ ಹೊಂದುತ್ತಿರಲಿಲ್ಲ.

“ಹಾಗಾದ್ರೆ ಸಂಜೆ ಐದರೊಳಗೆ ಖಚಿತವಾಗಿ ಹೇಳು. ಐದಕ್ಕೆ ಪಟ್ಟಿ ಹೋಗಿಬಿಡತ್ತೆ” ಎಂದು ಇಬ್ಬರೂ ಫೋನಿಟ್ಟರು.

ಹದಿನಾಲ್ಕು ವರ್ಷದಿಂದ ಅವನು ರಗ್ಬಿ ಲೀಗ್ ಆಡಿ ಹೊಟ್ಟೆ ಹೊರೆಯುತ್ತಿದ್ದ. ಅವನದು ಮುಂದಿನ ಸಾಲು. ಅಂದರೆ ಚೆಂಡು ಅವುಚಿಕೊಂಡು, ತಲೆ ತಗ್ಗಿಸಿ, ಎದುರಿಗಿರುವ ಮೂರು ಕೋಣಗಳ ಮೇಲೆ ಬೀಳುವುದು. ಎದ್ದು ಮತ್ತೆ ಬೀಳುವುದು. ಅಂಕ ಗಳಿಸಿ ಫೋಟೋ ತೆಗೆಸಿಕೊಳ್ಳುವವರು ಬೇರೆ. ಏಳು ಕ್ಲಬ್ಬು ಬದಲಾಗಿದ್ದವು, ಮೂಗು ನಾಲ್ಕು ಸಲ ಮುರಿದಿತ್ತು, ಕಿವಿಗಳು ಕರಿದ ಹಪ್ಪಳದಂತೆ ಮುರುಟಿದ್ದವು. ಆದರೆ ಯಾವ ದೇಶವೂ ಕರೆದಿರಲಿಲ್ಲ. ಈಗ ಮೂವತ್ನಾಲ್ಕು. ಮಂಡಿ ನೋಡಿದ ವೈದ್ಯರು ಇದೇ ಕೊನೆಯ ವರ್ಷ ಎಂದಿದ್ದರು. ಒಂದೇ ಒಂದು ಸಲ ದೇಶದ ಅಂಗಿ ತೊಟ್ಟು, ಸಾಲಿನಲ್ಲಿ ನಿಂತು, ರಾಷ್ಟ್ರಗೀತೆಗೆ ಬಾಯಾಡಿಸಬೇಕೆಂಬ ಆಸೆ ಅವನಿಗಿತ್ತು.

ಅರ್ಧ ಗಡ್ಡದಲ್ಲೇ ಅಡುಗೆಮನೆಗೆ ಬಂದು ಅವ್ವನಿಗೆ ಹೇಳಿದ. ಅವ್ವ ಲೋಸೆ ಟೋಂಗಾದವಳು. ತೆಂಗಿನಹಾಲು ಹಿಂಡುತ್ತಿದ್ದ ಕೈಯನ್ನು ಹಾಗೇ ಮೇಲೆತ್ತಿ ದೇವರಿಗೆ ಮುಗಿದಳು.

“ಇದ್ರಲ್ಲಿ ಕೇಳೋದೇನಿದೆ? ಟೋಂಗಾ! ಮಾಲ್ಟಾದವರಿಗೆ ಫೋನ್ ಮಾಡಿ ಆಗಲ್ಲ ಅನ್ನು.”

ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ತಲೆ ಮೇಲೆದ್ದಿತು. ಅದು ಮರೂನ್‌ನದು. ಲೆಬನಾನಿನ ಈ ನಿವೃತ್ತ ಬಸ್ ಚಾಲಕನಿಗೆ ಇವರೆಲ್ಲ ವಲಸೆ ಬಂದು ನೆಲೆಸಿದ್ದ ಬ್ಲ್ಯಾಕ್‌ಟೌನಿನ ಎಲ್ಲ ಮನೆಗಳ ಮಾತೂ ಬೇಕು.

“ಅಲ್ಲ ಲೋಸೆಮ್ಮಾ, ನಿಮ್ಮಲ್ಲಿ ಅಪ್ಪನ ಅಕ್ಕ ಹೇಳಿದ್ದೇ ಕೊನೇ ಮಾತು ಅಂತ ನೀವೇ ಹೇಳಿದ್ರಲ್ಲ? ಹುಡುಗನ ಸೋದರತ್ತೇನ ಕೇಳಿದ್ರಾ?”

ಲೋಸೆಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಟೋಂಗಾದ ಪದ್ಧತಿ ಅದೇ. ಸೋದರತ್ತೆಯ ಮಾತಿಗೆ ಎದುರಿಲ್ಲ. ಆದರೆ ಅವಳ ಗಂಡ, ತೀರಿಕೊಂಡ ಕಾರ್ಮ್ನು, ಮಾಲ್ಟಾದವನು. ಅಂದಮೇಲೆ ಸೋದರತ್ತೆಯೂ ಮಾಲ್ಟಾದವಳೇ.

“ಹೋಗಿ ಕೇಳು” ಎಂದಳು ಹಲ್ಲು ಕಚ್ಚಿ. “ಪದ್ಧತಿ ಅಂದ್ರೆ ಪದ್ಧತಿ. ಆದ್ರೆ ಅವಳಿಗೆ ಅಧಿಕಾರ ಇದೆ ಅಂತ ಮಾತ್ರ ಬಾಯಿಬಿಡಬೇಡ.”

ಸೋದರತ್ತೆ ಗ್ರೆಟ್ಸ್ಯಾಗೆ ರೈಲು ನಿಲ್ದಾಣದ ಹತ್ತಿರ ಮಾಲ್ಟಾದ ತಿಂಡಿ ಪಸ್ತಿತ್ಸಿಯ ಅಂಗಡಿ. ಬಿಸಿ ಗಿಣ್ಣಿನ ಹೂರಣದ ನಾಲ್ಕು ಪಸ್ತಿತ್ಸಿ ಅವನ ಮುಂದಿಟ್ಟು, “ಯಾಕೋ ಅರ್ಧ ಮುಖ ಕಾಡಾಗಿದೆ?” ಎಂದಳು.

ಅವನು ವಿಷಯ ಹೇಳಿದ.

“ಮಾಲ್ಟಾ! ನಿಮ್ಮಪ್ಪ ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೈದಾನಕ್ಕೆ ಹೋಗ್ತಿದ್ದ. ಆದ್ರೆ ನನ್ನ ಮಾತು ಯಾರು ಕೇಳ್ತಾರೆ, ನಾನು ಯಾವೂರ ದಾಸಯ್ಯ?”

“ಹಾಗನ್ಬೇಡ ಅತ್ತೆ, ಅವ್ವನ ಕಡೆ ಪದ್ಧತೀಲಿ ಸೋದರತ್ತೆ ಮಾತೇ ಕೊನೇದು” ಎಂದುಬಿಟ್ಟ ವಿಲಿಯಮಿ. ಬಾಯಿಂದ ಹೋದದ್ದು ಹೋಯಿತು.

ಗ್ರೆಟ್ಸ್ಯಾ ಇಕ್ಕಳ ಕೆಳಗಿಟ್ಟಳು. “ಏನಂದೆ? ಮೂವತ್ತೈದು ವರ್ಷದಿಂದ ಇದ್ಯಾರೂ ನನಗೆ ಹೇಳ್ಲೇ ಇಲ್ವಲ್ಲೋ!”

ಅಂಗಡಿಗೆ ಬೀಗ ಬಿತ್ತು. ಅರ್ಧ ಗಂಟೆಯಲ್ಲಿ ಅವಳು ಲೋಸೆಯ ನಡುಮನೆಯ ಒಳ್ಳೆಯ ಕುರ್ಚಿಯಲ್ಲಿ ರಾಣಿಯಂತೆ ಕೂತಿದ್ದಳು. “ಮಾಲ್ಟಾ ಅಂತ ನನ್ನ ತೀರ್ಪು. ಆಮೇಲೆ, ಸೋದರತ್ತೆ ಮನೇಲಿರೋ ಏನನ್ನ ಬೇಕಾದ್ರೂ ಕೇಳಬಹುದಂತೆ, ಆ ಗೋಡೇಲಿ ತೂಗಿಹಾಕಿರೋ ಚಾಪೇನೂ, ಹೌದಾ?”

“ಚಾಪೆ ತಗೊಂಡು ಹೋಗು, ಮಗನ್ನ ಬಿಡು!” ಎಂದಳು ಲೋಸೆ.

“ಆಟದ ಅಂಗೀಲಿ ನನ್ನ ತಮ್ಮನ ಹೆಸರು ಅವನ ಬೆನ್ನಮೇಲಿದೆ!”

“ಹೆಸರು ಬೆನ್ನಮೇಲಿರಬಹುದು, ಬೆನ್ನು ನನ್ನ ಹೊಟ್ಟೇಲಿತ್ತು!”

“ಮೇಲಿನ ಅರ್ಧ ಒಬ್ಬರಿಗೆ, ಕೆಳಗಿನ ಅರ್ಧ ಇನ್ನೊಬ್ಬರಿಗೆ ಆಡ್ಲಿ” ಎಂದು ಬೇಲಿಯಾಚೆಯಿಂದ ಮರೂನ್ ಸಲಹೆ ಕೊಟ್ಟ. ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು, ತಲೆ ಕೆಳಗಿಳಿಯಿತು. ಆ ಗದ್ದಲದಲ್ಲಿ ವಿಲಿಯಮಿ ಹಿಂಬಾಗಿಲಿನಿಂದ ಜಾರಿ ಕ್ಲಬ್ಬಿನ ಅಭ್ಯಾಸಕ್ಕೆ ಓಡಿದ.

ಅಲ್ಲೂ ತಲೆ ನಿಲ್ಲಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ತನ್ನ ಕಡೆಯವನನ್ನೇ ಎತ್ತಿ ನೆಲಕ್ಕೆ ಕೆಡವಿದ. ಎದ್ದು, ಚೆಂಡನ್ನು ಎದುರಾಳಿಯ ಕೈಗೆ ಕೊಟ್ಟ.

“ಲೇ ಬುಹಾಜಾರ್!” ಕೋಚ್ ಕಿರುಚಿದ. “ನೀನು ಯಾವ ಕಡೆಯವನೋ?”

“ಅದನ್ನೇ ಬೆಳಗ್ಗಿಂದ ಯೋಚಿಸ್ತಿದೀನಿ ಸಾರ್.”

ಅವನನ್ನು ಹೊರಗೆ ಕೂರಿಸಿದರು. ಖಾಲಿ ಬೆಂಚಿನ ಮೇಲೆ, ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡು, ವಿಲಿಯಮಿ ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ತಾನೇ ಒಂದು ತೀರ್ಮಾನಕ್ಕೆ ಹೊರಟ. ಅತ್ತೆಗೆ ಬೇಜಾರಾದರೆ ಒಂದು ವಾರ ಬಯ್ಯುತ್ತಾಳೆ, ಬಯ್ಯುತ್ತಲೇ ಬಡಿಸುತ್ತಾಳೆ. ಅವ್ವ ಬಯ್ಯುವವಳಲ್ಲ, ಸುಮ್ಮನಾಗುತ್ತಾಳೆ. ಅಪ್ಪ ಹೋದಮೇಲೆ ಅವಳು ಆರು ತಿಂಗಳು ಸುಮ್ಮನಿದ್ದಳು. ಆ ಮೌನವನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವನಿಗಿರಲಿಲ್ಲ. ಟೋಂಗಾ ಎಂದು ನಿಶ್ಚಯಿಸಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗಂಟೆ ನಾಲ್ಕೂ ಐವತ್ತು.

“ಟೋಂಗಾ ಅಂತ ಬರ್ಕೊಳ್ಳಿ” ಎಂದ ಫೋನಿನಲ್ಲಿ.

“ಇದೇನಪ್ಪಾ?” ಮ್ಯಾನೇಜರ್ ತಬ್ಬಿಬ್ಬಾದ. ಅವನೂ ಲೋಸೆಯೂ ಒಂದೇ ಚರ್ಚಿನವರು. “ನಾಲ್ಕು ಗಂಟೆಗೆ ನಿಮ್ಮವ್ವ ಅಳ್ತಾ ಫೋನ್ ಮಾಡಿದ್ರು. ಅತ್ತೆ ಮಾತಿಗೆ ಎದುರಾಡಲ್ಲ, ಅಪ್ಪನ ಹೆಸರಿಗೆ ಆಡ್ಲಿ, ಬಿಟ್ಟುಬಿಡಿ ಅಂದ್ರು. ನಿನ್ನ ಜಾಗಕ್ಕೆ ಬೇರೆಯವನ್ನ ಹಾಕಿ ಪಟ್ಟಿ ಕಳಿಸಿಬಿಟ್ಟೆ. ಮಾಲ್ಟಾದಲ್ಲಿ ಒಳ್ಳೇದಾಗ್ಲಿ!”

ವಿಲಿಯಮಿಯ ಕಣ್ಣು ಒದ್ದೆಯಾಯಿತು. ಆಗಲಿ, ಅವ್ವನೇ ಕೊಟ್ಟದ್ದು. ಮಾಲ್ಟಾ ತಂಡದವನಿಗೆ ಫೋನು ಮಾಡಿದ. ಗಂಟೆ ನಾಲ್ಕೂ ಐವತ್ತೈದು.

“ಓ ವಿಲಿಯಮಿ! ನಿಮ್ಮತ್ತೆ ನನ್ನ ಅಂಗಡಿಗೇ ಬಂದು ಹೇಳಿದ್ರಪ್ಪಾ. ಹೆತ್ತವಳ ಕಣ್ಣಲ್ಲಿ ನೀರು ನೋಡಕ್ಕಾಗಲ್ಲ, ಅವನು ಟೋಂಗಾಕ್ಕೆ ಹೋಗ್ಲಿ ಅಂತ. ಎಂಥ ದೊಡ್ಡ ಮನಸ್ಸು! ಪಟ್ಟಿ ಆಗಲೇ ಹೋಯ್ತು.”

ಮನೆಗೆ ಬಂದಾಗ ಇಬ್ಬರು ಹೆಂಗಸರೂ ಒಂದೇ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದರು. ಇಬ್ಬರ ಮುಖದಲ್ಲೂ ದಾನ ಕೊಟ್ಟವರ ಕಳೆ. ಗೋಡೆಯ ಚಾಪೆ ಮಡಿಚಿ ಗ್ರೆಟ್ಸ್ಯಾಳ ಚೀಲದ ಪಕ್ಕದಲ್ಲಿತ್ತು.

“ಎರಡೂ ಹೋಯ್ತು” ಎಂದ ವಿಲಿಯಮಿ. ನಡೆದದ್ದನ್ನೆಲ್ಲ ಹೇಳಿದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗ್ರೆಟ್ಸ್ಯಾ ಲೋಸೆಯ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು.

“ನೋಡೇ ಲೋಸೆ, ಇವನಿಂದ ನಾವಿಬ್ಬರು ಇಡೀ ದಿನ ಕಚ್ಚಾಡಿದ್ವಿ!”

“ಮೂವತ್ನಾಲ್ಕು ವರ್ಷ ಆಯ್ತು! ಸ್ವಂತವಾಗಿ ಒಂದು ತೀರ್ಮಾನ ಮಾಡೋಕೆ ನಿನಗೆ ಬರಲ್ವೇನೋ?”

ವಿಲಿಯಮಿ ಉತ್ತರ ಕೊಡಲು ಬಾಯಿ ತೆರೆದ. ಅವ್ವ ಆ ಬಾಯಿಗೆ ಬೇಯಿಸಿದ ಗೆಣಸಿನ ತುಂಡನ್ನೂ, ಅದು ಇಳಿಯುವ ಮೊದಲೇ ಅತ್ತೆ ಒಂದು ಪಸ್ತಿತ್ಸಿಯನ್ನೂ ತುರುಕಿದರು. ಅವನು ಎರಡನ್ನೂ ಒಟ್ಟಿಗೇ ಅಗಿಯತೊಡಗಿದ.