ಪಿಕಪ್ಪಿನ ಮೇಲೆ ಹರಿಗೋಲು, ಹಿಂದೆ ಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಇಸವಿ ಎಪ್ಪತ್ತೈದೋ ಎಪ್ಪತ್ತಾರೋ ಗೊತ್ತಿಲ್ಲ, ಮಳೆಯ ಸುಳಿವಿಲ್ಲದ ಜೂನ್ ತಿಂಗಳು ಎನ್ನುವುದು ಖಚಿತ. ಹರಿಗೋಲು ಎರಡಿದ್ದವು ಎನ್ನುವುದು ಮುಕ್ಕಾಲು ಖಚಿತ. ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ, ಆ ದಿನದ ಪುಟ ತೆಗೆದು ನೋಡುವವರೆಗೆ. ಎಂ.ಎ. ಮಾಡಿದ ಹೆಣ್ಣುಮಗಳೊಬ್ಬಳು ತನ್ನ ಕೆಲಸ ಕೈತಪ್ಪಿದ ದಿನ ಬರೆದದ್ದು ಇಷ್ಟು: 'ಮಳವಳ್ಳಿಗೆ ಹೋದೆವು. ಸೆಕೆ.' ಉಳಿದದ್ದನ್ನೆಲ್ಲ ನೆನಪಿಗೆ ವಹಿಸಿದ್ದೆ. ಅದು ಇಷ್ಟು ವರ್ಷ ಸುಮ್ಮನೆ ಕೂತಿಲ್ಲ.

ನಮ್ಮ ಚಿಕ್ಕಪ್ಪ ಮಂಡ್ಯದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ ಅವರ ಕೈಗೆ ಯಾವುದೋ ಹಳೆಯ ವಿದೇಶಿ ಪತ್ರಿಕೆ ಸಿಕ್ಕಿತು. ಅದರಲ್ಲಿ ಒಂದು ಚಿತ್ರ: ವಾಹನದ ನೆತ್ತಿಯ ಮೇಲೆ ಉದ್ದುದ್ದನೆಯ ಪುಟ್ಟ ದೋಣಿಗಳು, ಹಿಂದೆ ಚಕ್ರಗಳ ಮೇಲೆ ಒಂದು ಮನೆ, ಮನೆಯ ಬಾಗಿಲಲ್ಲಿ ನಗುತ್ತ ನಿಂತ ಹೆಂಡತಿ. ಚಿಕ್ಕಪ್ಪ ಆ ಪುಟವನ್ನು ಹರಿದು ತಂದು ದೇವರ ಪಟಗಳ ಪಕ್ಕದಲ್ಲಿ ಅಂಟಿಸಿದರು. ಅಂದಿನಿಂದ ನಮ್ಮ ಮನೆಯವರಿಗೆ ಸುಖ ಕಾದಿತ್ತು.

ದೋಣಿಯ ಬದಲಿಗೆ ಎರಡು ಹರಿಗೋಲು ಹೆಣೆಸಿದರು. ಬಿದಿರ ಬುಟ್ಟಿಗೆ ಗೋಣಿತಟ್ಟು ಹೊದಿಸಿ, ಅದರ ಮೇಲೆ ತಾವೇ ಕಲಾವಿದರ ಶ್ರದ್ಧೆಯಿಂದ ಟಾರು ಬಳಿದರು. ಬೆಲ್ಲದ ಮಂಡಿಯ ಗೆಳೆಯರೊಬ್ಬರಿಂದ ಪಿಕಪ್ ಎರವಲು ಬಂತು, ಜೊತೆಗೆ ಅದನ್ನೇ ನಂಬಿದ್ದ ನೊಣಗಳೂ ಬಂದವು. ಹಿಂದಿನ ಮನೆಗೆ ಒಂದು ಟೈರ್ ಗಾಡಿ. ಅದರ ಮೇಲೆ ಹಲಗೆಯ ಗೋಡೆ, ತಗಡಿನ ಮಾಡು, ಕಿಟಕಿಗೆ ಚಿಕ್ಕಮ್ಮನ ಹಳೆಯ ಸೀರೆಯ ಪರದೆ. ಎತ್ತುಗಳ ನಡುವೆ ಇರಬೇಕಾದ ಉದ್ದನೆಯ ಮೂಕಿಯನ್ನು ಪಿಕಪ್ಪಿನ ಹಿಂಭಾಗಕ್ಕೆ ಹಗ್ಗದಿಂದ ಬಿಗಿದದ್ದಾಯಿತು. ಎತ್ತು ಹಿಂದಕ್ಕೆ ನಡೆಯುವುದಿಲ್ಲ, ಪಿಕಪ್ಪು ನಡೆಯಬೇಕಾಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಎಂ.ಎ. ಮಾಡಿದವಳಿಗೂ.

ಮಳವಳ್ಳಿಯ ಆಚೆ, ಹೊಳೆದಂಡೆಯ ಬ್ಲಫ್‌ ಎಂಬಲ್ಲಿ, ಪವರ್ ಹೌಸಿನ ಕೆಲಸದಲ್ಲಿ ಚಿಕ್ಕಮ್ಮನ ತಮ್ಮನಿದ್ದ. ಅವನಲ್ಲಿಗೆ ಹೋಗಿ ಸ್ವಂತ ಹರಿಗೋಲಿನಲ್ಲಿ ಹೊಳೆ ಸುತ್ತುವುದು ಕಾರ್ಯಕ್ರಮ. ಅದೇ ದಿನ ನಾನು ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಹನ್ನೆರಡು ಗಂಟೆಯೊಳಗೆ ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯಲಾಗುವುದು ಎಂದು ಆರ್ಡರಿನಲ್ಲಿ ಬರೆದಿತ್ತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಕಾಗದ. ನಾನು ಬಸ್ಸಿಗೆ ಹೋಗುತ್ತೇನೆ ಎಂದಾಗ ಚಿಕ್ಕಪ್ಪನಿಗೆ ನೋವಾಯಿತು. "ಮನೇನೇ ಹೋಗ್ತಿರುವಾಗ ನೀನು ಬಸ್ಸಲ್ಲಿ ನಿಂತ್ಕೊಂಡು ಹೋಗ್ತೀಯೇನಮ್ಮ?" ಎಂದರು.

ಮಂಡ್ಯದಿಂದ ಹೊರಟಾಗ ಪಿಕಪ್ಪು ತಲೆಗಿಂತ ದೊಡ್ಡ ಟೋಪಿ ಹಾಕಿಕೊಂಡ ದಫೇದಾರನಂತಿತ್ತು. ಕವುಚಿ ಕಟ್ಟಿದ ಹರಿಗೋಲಿನ ಅಂಚು ಮುಂದಿನ ಗಾಜಿನ ಮೇಲೆ ಇಳಿದು, ಚಿಕ್ಕಪ್ಪನಿಗೆ ಎದುರಿನವರ ಮೊಣಕಾಲು ಮಾತ್ರ ಕಾಣುತ್ತಿತ್ತು. ಆ ಮೊಣಕಾಲುಗಳಿಗೇ ಅವರು ಹಾರ್ನ್ ಹೊಡೆಯುತ್ತ ಸಾಗಿದರು. ಮದ್ದೂರಿನಲ್ಲಿ ನಿಲ್ಲಿಸಿ ಒಂದು ಪೊಟ್ಟಣ ವಡೆ ಕೊಂಡರು. ವಡೆ ನೆಪ; ಮದ್ದೂರಿನವರಿಗೂ ನಮ್ಮನ್ನು ನೋಡುವ ಭಾಗ್ಯ ಸಿಗಬೇಕಲ್ಲ. ಅಷ್ಟು ಹೊತ್ತಿಗೆ ಹತ್ತೂವರೆ. ಮಳವಳ್ಳಿಗೆ ತಿರುಗುವ ಕಡೆ ಕೈಮರ ಇತ್ತಂತೆ. ಅದು ಮೊಣಕಾಲಿಗಿಂತ ಎತ್ತರದಲ್ಲಿತ್ತು. ನಾವು ಚನ್ನಪಟ್ಟಣದ ದಾರಿಯಲ್ಲಿ ಒಂದೆರಡು ಮೈಲಿ ಗಂಭೀರವಾಗಿ ಹೋದೆವು.

ತಪ್ಪು ತಿಳಿದು ಹಿಂದಕ್ಕೆ ತೆಗೆಯಲು ಹೋದಾಗ ಪಿಕಪ್ಪು ಎಡಕ್ಕೆ, ಮನೆ ಬಲಕ್ಕೆ ತಿರುಗಿ, ಇಬ್ಬರೂ ಮುಖ ಕೊಡದೆ ರಸ್ತೆಗೆ ಅಡ್ಡ ನಿಂತರು. ಗದ್ದೆಗಳಿಂದ ಜನ ಬಂದರು. ವಯಸ್ಸಾದ ಗೌಡರೊಬ್ಬರು ಎರಡು ಸುತ್ತು ಹಾಕಿ ನೋಡಿ ಕೇಳಿದರು: "ಅಲ್ಲ ಸ್ವಾಮಿ, ಒಳೆಗೆ ತೆಪ್ಪ ಒತ್ಕೊಂಡು ಓಯ್ತಾ ಇದೀರಲ್ಲ, ನೀರೂ ಇಲ್ಲಿಂದ್ಲೇ ತಕ್ಕೊಂಡೋಯ್ತೀರೋ, ಅಲ್ಲೇ ಸಿಕ್ತದೋ?" ಚಿಕ್ಕಪ್ಪ ವಿದೇಶದ ಪದ್ಧತಿಯನ್ನು ವಿವರಿಸತೊಡಗಿದರು. ಗೌಡರು, "ಅದೆಲ್ಲ ಆಮೇಲೆ ಯೋಳೀರಂತೆ ಬುಡಿ. ಎತ್ತು ಬಿಚ್ಚಂಗೆ ಬಿಚ್ಚಿ, ಗಾಡಿ ತಿರುಗಿಸ್ತೀವಿ" ಎಂದರು.

ಬಿಚ್ಚಿದರು. ಪಿಕಪ್ಪನ್ನು, ಇನ್ನೂ ತೆರೆಯದ ವಡೆಯ ಪೊಟ್ಟಣದ ಸಮೇತ, ರಸ್ತೆಯ ಆಚೆ ಬದಿಗೆ ಒಯ್ದು ನಿಲ್ಲಿಸಿದರು. ಎರಡು ಚಕ್ರದ ಗಾಡಿ, ಬಿಚ್ಚಿದೊಡನೆ ಮೂಕಿ ನೆಲಕ್ಕೆ ಬಂತು, ಮನೆ ಮುಂದಕ್ಕೆ ಮುಗ್ಗರಿಸಿತು. ಆಗ ಒಳಗಿಂದ, ಉಪ್ಪಿಟ್ಟಿನ ಪಾತ್ರೆ ಉರುಳಿದ ಸದ್ದಿನ ಹಿಂದೆಯೇ, ಚಿಕ್ಕಮ್ಮನ ದನಿ ಬಂತು. "ರೀ, ನಾನೂ ಇದರೊಳಗೇ ಇದೀನಿ ಕಣ್ರೀ. ನೆನಪಿರಲಿ." ಚಿತ್ರದಲ್ಲಿ ನಗುತ್ತಿದ್ದ ಹೆಂಡತಿಯನ್ನು ಎಲ್ಲರೂ ಮರೆತಿದ್ದೆವು.

ಸರಿಯಾಗಿ ಆಗಲೇ ಚನ್ನಪಟ್ಟಣದ ಕಡೆಯಿಂದ ಮಳವಳ್ಳಿಗೆ ಹೋಗುವ ಬಸ್ಸು ಬಂತು. ರಸ್ತೆಗೆ ಅಡ್ಡ ನಮ್ಮ ಮನೆಯೇ ಇದ್ದುದರಿಂದ ನಿಂತಿತು. ಕಂಡಕ್ಟರು ಇಳಿದು, ಮಳವಳ್ಳಿಗೆ ಯಾರಾದರೂ ಬರುವವರಿದ್ದಾರೆಯೇ ಎಂದು ಎರಡು ಸಲ ಕೂಗಿದ. ನಾನು ಹತ್ತಲಿಲ್ಲ. ಹೇಗೆ ಹತ್ತಲಿ? ಕೈಬಿಟ್ಟರೆ ಚಿಕ್ಕಮ್ಮ ಮತ್ತೆ ಉರುಳುತ್ತಾರೆಂದು ಗಂಡಸರ ಜೊತೆ ಎರಡೂ ಕೈಯಲ್ಲಿ ಮೂಕಿ ಎತ್ತಿ ಹಿಡಿದು ನಿಂತಿದ್ದೆ. ಮನೆ ತಿರುಗಿತು, ದಾರಿ ಬಿಟ್ಟಿತು, ಬಸ್ಸು ಹೋಯಿತು.

ಮಳವಳ್ಳಿ ತಲುಪಿದಾಗ ಹನ್ನೆರಡೂಮುಕ್ಕಾಲು. ಹೆಡ್‌ಮಿಸ್ಟ್ರೆಸ್ ಗಡಿಯಾರ ನೋಡಿದರು, ನನ್ನ ಬಿಳಿ ಸೀರೆಯ ಹೆಗಲ ಮೇಲೆ ಬಿಸಿಲಿಗೆ ಕರಗಿ ತೊಟ್ಟಿಕ್ಕಿದ್ದ ಟಾರು ನೋಡಿದರು, ಆರ್ಡರನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿಸಿದರು. ಪಟ್ಟಿಯ ಮುಂದಿನವರು ಆಗಲೇ ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದರು. ಹರಿಗೋಲಿನ ವಿಷಯವನ್ನೂ ಹೇಳಿಬಿಡುತ್ತೇನೆ: ಟಾರೆಲ್ಲ ದಾರಿಗೇ ಸುರಿದು, ಹೊಳೆಗಿಳಿಸಿದೊಡನೆ ಅವು ಜರಡಿಯಾದವು. ಅಲ್ಲಿಯ ಅಂಬಿಗನ ಹರಿಗೋಲಿನಲ್ಲಿ ಕೂತು ಬಂದೆವು.

ಆಮೇಲಿನ ಇಷ್ಟು ವರ್ಷ, ಮದುವೆಮನೆ, ನಾಮಕರಣ ಎನ್ನದೆ, ಚಿಕ್ಕಪ್ಪನ ಹುಚ್ಚಿನಿಂದ ನನ್ನ ಮೇಷ್ಟ್ರುಗಿರಿ ಹೋದ ಕಥೆಯನ್ನು ಹೇಳಿಕೊಂಡು ಬಂದಿದ್ದೇನೆ. ಮೂಕಿಯ ಭಾಗ ಬಂದಾಗ ಕೇಳುವವರ ಕಣ್ಣು ತೇವವಾಗುತ್ತದೆ. ಚಿಕ್ಕಪ್ಪ ತಲೆ ತಗ್ಗಿಸುತ್ತಿದ್ದರು. ಈಗ ಅವರಿಲ್ಲ.

ಹೋದ ವಾರ ಟ್ರಂಕಿನ ತಳದಲ್ಲಿ ಆ ಆರ್ಡರು ಸಿಕ್ಕಿತು. ನನ್ನ ಹೆಸರಿನ ಮೇಲೆಯೇ ಒಂದು ಎಣ್ಣೆಯ ಕಲೆ, ದುಂಡಗೆ, ಸರಿಯಾಗಿ ಒಂದು ವಡೆಯ ಅಗಲ. ಎರಡೂ ಕೈಯಲ್ಲಿ ಮೂಕಿ ಹಿಡಿದವಳಿಗೆ ವಡೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬಂತು? ನನ್ನ ಹೆಗಲಿಗೆ ಟಾರು ತೊಟ್ಟಿಕ್ಕಿಸಿದ ಹರಿಗೋಲು ಇದ್ದದ್ದಾದರೂ ರಸ್ತೆಯ ಆಚೆ, ಪಿಕಪ್ಪಿನ ಮೇಲೆ. ಅದರಡಿಯಲ್ಲಿ ಒಳ್ಳೆಯ ನೆರಳಿತ್ತು.

ಕಾಗದ ಹಿಡಿದು ಚಿಕ್ಕಮ್ಮನ ಹತ್ತಿರ ಹೋದೆ. ಓರೆಯಾದ ಮನೆಯ ಕಿಟಕಿಯಿಂದ ಅಂದು ಎಲ್ಲವನ್ನೂ ನೋಡುತ್ತಿದ್ದವರು ಅವರೊಬ್ಬರೇ. ಕನ್ನಡಕ ಒರೆಸಿ, ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಒಳಗೆ ಹೋದರು. ಅವರ ಬೆನ್ನಿಗೆ ಕೇಳಿದೆ:

"ಚಿಕ್ಕಮ್ಮ, ಬಸ್ಸು ನಿಂತಾಗ ಮೂಕಿ ಹಿಡ್ಕೊಂಡಿದ್ದೋಳು ನಾನೇ ಅಲ್ವಾ?"